ಸರ್ಕಾರಿ ಸೀಟಿನ ಹಲಗೆ

ಜಾವಕ ಸಂಖ್ಯೆ 1
ಕಮಲಾಪುರ
18 ಫೆಬ್ರವರಿ 2024

ಅಂಜನಾ,

ಇಲ್ಲಿ ನಾವೆಲ್ಲ ನೆಟ್ಟಗಿದ್ದೇವೆ, ನೀನೂ ನೆಟ್ಟಗಿದ್ದೀ ಎಂದು ತಿಳಿದು ನೇರ ವಿಷಯಕ್ಕೆ ಬರುತ್ತೇನೆ. ನಿನ್ನೆ ನೀನು ಫೋನಿನಲ್ಲಿ ಅರ್ಧ ತಾಸು ಹೇಳಿದ್ದರಲ್ಲಿ ಅರ್ಧ ನನಗೆ ಮುಟ್ಟಿತು, ಉಳಿದದ್ದನ್ನು ನಿಮ್ಮ ಜಗತ್ ಸರ್ಕಲ್ಲಿನ ಹಾರ್ನುಗಳು ತಿಂದವು. ನಾನು ಹತ್ತೊಂಬತ್ತು ವರ್ಷ ಹೆಡ್‌ಮಾಸ್ತರನಾಗಿದ್ದವನು. ಬಾಯಿಮಾತಿನ ಮೇಲೆ ಒಂದು ಡಬ್ಬಿ ಸೀಮೆಸುಣ್ಣವನ್ನೂ ತರಿಸಿದವನಲ್ಲ. ಆದ್ದರಿಂದ ಈ ವಿಷಯ ಇನ್ನು ಕಾಗದದ ಮೇಲೆಯೇ ನಡೆಯಲಿ. ಕಳಿಸುವ ಪ್ರತಿ ಕಾಗದವನ್ನೂ ನನ್ನ ಜಾವಕ ವಹಿಯಲ್ಲಿ ನಂಬರು ಹಾಕಿ ಬರೆದಿಟ್ಟುಕೊಳ್ಳುತ್ತೇನೆ. ಅದು ಕೆಂಪು ಬಾಳೆಹಣ್ಣಿನ ಚೀಲದೊಳಗೆ ನಿನಗೆ ಬರುತ್ತದೆ. ಬಸ್ಸಿನ ಕಂಡಕ್ಟರ್ ಲಾಲ್ ಅಹ್ಮದ್ ನನ್ನ ಶಿಷ್ಯ. ಕಾಗದ ಬರಾಬರ್ ಮುಟ್ಟಿಸುತ್ತಾನೆ, ಹಣ್ಣು ಒಂದೆರಡು ಕಡಿಮೆಯಿದ್ದರೆ ಕೇಳಬೇಡ.

ನನಗೆ ತಿಳಿದದ್ದು ಇಷ್ಟು. ಅಮೆರಿಕದ ಒಹಾಯೋ ಎಂಬ ಒಂದೇ ರಾಜ್ಯದ ಎರಡು ಯೂನಿವರ್ಸಿಟಿಗಳು ನಿನ್ನನ್ನು ಕರೆದಿವೆ. ಒಂದು ಆ ರಾಜ್ಯ ಸರ್ಕಾರದ್ದು, ಇನ್ನೊಂದು ಖಾಸಗಿಯದು. ಎರಡರ ನಡುವೆ ಎರಡು ತಾಸಿನ ದಾರಿ. ಬಾಳೆಗೆ ಬರುವ ಸೊರಗು ರೋಗದ ಮೇಲೆ ನೀನು ಮಾಡಬೇಕೆಂದಿರುವ ಅಭ್ಯಾಸ ಎರಡೂ ಕಡೆ ಇದೆ. ಹಾಗಿದ್ದ ಮೇಲೆ ವಿಚಾರ ಮಾಡುವುದೇನಿದೆ? ಸರ್ಕಾರಿಯದಕ್ಕೆ ಹೋಗು.

ಈ ಕಾಗದ ಬರೆಯುವ ಮೊದಲೇ ಶಾಲೆಗೆ ಹೋಗಿ ಬಂದೆ. ಬಿಳಿ ಪೇಂಟಿನ ಡಬ್ಬಿ ಇನ್ನೂ ಒಣಗಿರಲಿಲ್ಲ. 'ಸರ್ಕಾರಿ ಸೀಟು ಪಡೆದ ನಮ್ಮ ಮಕ್ಕಳು' ಎಂಬ ಹಲಗೆ ನಿನಗೆ ನೆನಪಿರಬೇಕು. ನಾನು ಕುರ್ಚಿ ಹತ್ತಿ ಹೆಸರು ಬರೆಯುವಾಗ ನೀನು ಕುರ್ಚಿಯ ಕಾಲು ಹಿಡಿದು ನಿಲ್ಲುತ್ತಿದ್ದೆ. ಅದರ ಮೇಲೆ ನಲವತ್ತೆರಡನೆಯ ಹೆಸರಾಗಿ 'ಅಂಜನಾ ಖಂಡೆಪ್ಪ, ಒಹಾಯೋ' ಎಂದು ಬರೆದೆ. ಅಮೆರಿಕದ ಸರ್ಕಾರಿ ಸೀಟು ಈ ತಾಲ್ಲೂಕಿಗೇ ಮೊದಲನೆಯದು.

ನಿನ್ನ ಅವ್ವ ತನ್ನದೂ ಒಂದು ಮಾತು ಬರೆ ಎನ್ನುತ್ತಾಳೆ: "ಹುಡುಗಿ ಇನ್ನಾ ಹೂಂ ಅಂದಿಲ್ಲ, ನೀವು ಹಲಗಿ ಮ್ಯಾಲ ಬರದೇ ಬಂದ್ರಿ? ಕೂಸು ಹುಟ್ಟೂಕ ಮೊದಲೇ ಕುಲಾಯಿ ಹೊಲದ್ರಂತ." ಬರೆದಿದ್ದೇನೆ. ಅವಳಿಗೆ ದಫ್ತರದ ರೀತಿ ತಿಳಿಯುವುದಿಲ್ಲ.

ನಿನ್ನ ತಂದೆ,
ಖಂಡೆಪ್ಪ

*

ಐವಾನ್-ಎ-ಶಾಹಿ, ಕಲಬುರಗಿ
27 ಫೆಬ್ರವರಿ 2024

ಅಪ್ಪಾ,

ಹಣ್ಣು ಹನ್ನೊಂದು ಬಂದವು. ನೀವು ಡಜನ್ನಿನ ಲೆಕ್ಕದವರು, ಹಾಗಾಗಿ ಲಾಲ್ ಅಹ್ಮದ್ ಅಣ್ಣ ಒಂದೇ ತಿಂದಿದ್ದಾರೆ.

ಕಾಗದದ ಮೇಲೆಯೇ ಆಗಲಿ. ಆದರೆ ಮೊದಲು ಹಲಗೆಯ ಮೇಲಿನ ನನ್ನ ಹೆಸರು ಅಳಿಸಿರಿ. ಇದನ್ನು ಕೋಪದಿಂದ ಬರೆಯುತ್ತಿಲ್ಲ, ಹೆದರಿಕೆಯಿಂದ ಬರೆಯುತ್ತಿದ್ದೇನೆ.

ಅಲ್ಲಿ ಸರ್ಕಾರಿ, ಖಾಸಗಿ ಅನ್ನುವುದು ನಮ್ಮಲ್ಲಿಯ ಹಾಗಿಲ್ಲ ಅಪ್ಪಾ. ನಮ್ಮಲ್ಲಿ ಸರ್ಕಾರಿ ಎಂದರೆ ಓದಿ ಗಳಿಸಿದ್ದು, ಖಾಸಗಿ ಎಂದರೆ ಡೊನೇಷನ್ ಕೊಟ್ಟು ಕೊಂಡದ್ದು ಅಂತ ನೀವು ನನಗೆ ಅಆಇಈ ಜೊತೆಗೇ ಕಲಿಸಿದಿರಿ. ಅಲ್ಲಿಯ ಸರ್ಕಾರಿ ಯೂನಿವರ್ಸಿಟಿ ನಡೆಯುವುದು ಆ ರಾಜ್ಯದವರ ತೆರಿಗೆಯಿಂದ. ಹಾಗಾಗಿ ಆ ರಾಜ್ಯದ ಮಕ್ಕಳಿಗೆ ಒಂದು ಫೀಸು, ಹೊರಗಿನವರಿಗೆ ಅದರ ದುಪ್ಪಟ್ಟಿಗಿಂತ ಹೆಚ್ಚು. ಅವರು ನನ್ನನ್ನು ಎರಡು ವರ್ಷದ ಎಂ.ಎಸ್‌ಗೆ ಕರೆದಿದ್ದಾರೆ, ಎಲ್ಲ ಖರ್ಚು ನಮ್ಮದೇ. ಖಾಸಗಿಯವರು ಪಿಎಚ್.ಡಿಗೆ ಕರೆದಿದ್ದಾರೆ. ಫೀಸಿಲ್ಲ. ಸಣ್ಣ ತರಗತಿಯವರಿಗೆ ಲ್ಯಾಬಿನಲ್ಲಿ ಪಾಠ ಮಾಡಿದರೆ ಸಂಬಳವನ್ನೂ ಕೊಡುತ್ತಾರೆ. ಮುನ್ನೂರು ಜನ ಅರ್ಜಿ ಹಾಕಿದ್ದರಂತೆ, ತೆಗೆದುಕೊಂಡದ್ದು ಆರು ಜನರನ್ನು. ಅಲ್ಲಿಯ ಪ್ರೊಫೆಸರ್ ಒಬ್ಬರು ಫೋನ್ ಮಾಡಿ, ನಿಮ್ಮ ಕೆಂಪು ಬಾಳೆಯ ಬೇರು ಎಷ್ಟು ಆಳ ಹೋಗುತ್ತದೆ ಎಂದು ಕೇಳಿದರು. ನನಗೆ ಗೊತ್ತಿತ್ತು. ತೋಟದಲ್ಲಿ ನಿಮ್ಮ ಹಿಂದೆ ತಿರುಗಿದ್ದಕ್ಕೆ ಗೊತ್ತಿತ್ತು.

ಏಪ್ರಿಲ್ ಹದಿನೈದರೊಳಗೆ ಉತ್ತರ ಹೇಳಬೇಕು. ರಾತ್ರಿ ನಿದ್ದೆಯಿಲ್ಲ, ಹಗಲು ಕೂತಲ್ಲಿ ಕೂಡಲಾಗುತ್ತಿಲ್ಲ. ಕಾಲೇಜಿನ ಪಾಠ ಮುಗಿಸಿ ಬಂದು ಮಾಳಿಗೆಯ ಮೇಲೆ ಅತ್ತಿಂದಿತ್ತ ಓಡಾಡುತ್ತೇನೆ. ನಿನ್ನೆ ಮನೆಯೊಡತಿ ಇಕ್ಬಾಲ್ ಬೇಗಂ ಕೆಳಗಿನಿಂದ ಕೂಗಿ ಹೇಳಿದರು: "ಕ್ಯಾ ಬೇಟಿ, ಇತ್ನಾ ಫಿಕರ್? ನನ್ನ ಮಾಳಗಿ ಸವದು ಹೋಗ್ತದವ್ವಾ, ಥೋಡಾ ಕುಂದರು." ನನ್ನ ಅರ್ಜಿಯನ್ನು ಎಂಟು ಸಲ ತಿದ್ದಿಕೊಟ್ಟ ನನ್ನ ಕೋಣೆಯಲ್ಲಿರುವ ಅಕ್ಕ ಮಾತ್ರ ನನ್ನ ಜೊತೆ ಒಂದೆರಡು ಸುತ್ತು ತಾನೂ ಓಡಾಡುತ್ತಾಳೆ.

ನಿಮ್ಮ ಹೂಂ ಬೇಕು. ಅದಿಲ್ಲದೆ ಹೋಗಲು ಆಗುವುದಿಲ್ಲ ಎಂದಲ್ಲ. ಹೋದರೂ ಅಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ.

ನಿಮ್ಮ,
ಅಂಜನಾ

*

ಜಾವಕ ಸಂಖ್ಯೆ 2
ಕಮಲಾಪುರ
10 ಮಾರ್ಚ್ 2024

ಅಂಜನಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅಂಗಡಿಯವನು ಸಾಮಾನನ್ನೂ ಕೊಟ್ಟು ಮೇಲೆ ಪಗಾರವನ್ನೂ ಕೊಡುತ್ತಾನೆಂದರೆ ತಕ್ಕಡಿಯಲ್ಲಿ ಏನೋ ಇದೆ ಎಂದೇ ಅರ್ಥ. ಸರ್ಕಾರಿಯದಕ್ಕೆ ಖರ್ಚಾಗುತ್ತದೆಂದರೆ ಕೆಳಗಿನ ಹೊಲ ಇದೆ, ಮಾರಿದರಾಯಿತು. ನಿನ್ನ ಅಣ್ಣ ಮಹಾದೇವನನ್ನು ಕೇಳಿದೆ. ಬೇಡ ಅನ್ನಲಿಲ್ಲ.

ಆದರೆ ನನ್ನ ಕಷ್ಟ ಹೊಲದ್ದಲ್ಲ. ಬರೆಯುತ್ತೇನೆ ಎಂದ ಮೇಲೆ ಪೂರಾ ಬರೆಯಬೇಕು.

ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ನಾನು ವೇದಿಕೆಯಿಂದ ಹೆಸರು ಕೂಗುತ್ತಿದ್ದೆ, ಸರ್ಕಾರಿ ಸೀಟು ಗಳಿಸಿದ ಹಳೆಯ ವಿದ್ಯಾರ್ಥಿಗಳು ಮೇಲೆ ಬರುತ್ತಿದ್ದರು. 2013ರಲ್ಲಿ ನಾನು ಓದಿ ಮುಗಿಸಿದ ಮೇಲೆ ನಾಲ್ಕನೆಯ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ತನ್ನ ಹೆಸರು ಬಿಟ್ಟುಹೋಗಿದೆ, ಎಂಜಿನಿಯರಿಂಗ್ ಸೀಟು ಸಿಕ್ಕಿದೆ ಎಂದಳು. ಯಾವ ಕಾಲೇಜು ಎಂದೆ. ಹೇಳಿದಳು, ಖಾಸಗಿಯದು. ಕೂಡು ಎಂದೆ. ಕೊಂಡ ಸೀಟಿಗೆ ಈ ಹಲಗೆಯಲ್ಲಿ ಜಾಗವಿಲ್ಲ ಎಂದು ಇಡೀ ಊರಿನ ಎದುರು ಮೈಕಿನಲ್ಲಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು.

ಅಂದು ಪರರ ಮಗಳಿಗೆ ಹಾಗೆ ಹೇಳಿದವನು ಇಂದು ಸ್ವಂತ ಮಗಳಿಗೆ ಬೇರೆ ಕಾಯಿದೆ ಮಾಡಲೇ? ಸಂತೆಗೆ ಹೋದರೆ ಜನ ನನ್ನ ಮುಖ ನೋಡಿ ನಗುತ್ತಾರೆ. ನನಗೆ ಇರುವುದು ಆ ಒಂದು ಹಲಗೆ.

ಹೆಸರು ಅಳಿಸಿಲ್ಲ.

ನಿನ್ನ ತಂದೆ,
ಖಂಡೆಪ್ಪ

*

ಕಲಬುರಗಿ
24 ಮಾರ್ಚ್ 2024

ಅಪ್ಪಾ,

ಆ ಹುಡುಗಿಗೆ ಒಂದು ಹೆಸರಿದೆ. ಕಾವೇರಿ. ನಮ್ಮ ತೋಟದಲ್ಲಿ ಹನ್ನೆರಡು ವರ್ಷ ಕಸ ತೆಗೆದು, ಬಾಳೆಗೊನೆ ಹೊತ್ತ ಮಾಣಿಕಪ್ಪನ ಮಗಳು. ನನ್ನ ಅರ್ಜಿ ಎಂಟು ಸಲ ತಿದ್ದಿದ ಕೋಣೆಯ ಅಕ್ಕ ಅವಳೇ. ಇಲ್ಲಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಒಂದೂವರೆ ವರ್ಷದಿಂದ ಒಂದೇ ಕೋಣೆಯಲ್ಲಿದ್ದೇವೆ. ನಿಮಗೆ ಹೇಳಲಿಲ್ಲ, ಯಾಕೆಂದು ನನಗೂ ಬರೆಯಲು ಬರುತ್ತಿಲ್ಲ.

ಅಂದು ನನಗೆ ಹದಿನಾಲ್ಕು. ನಿಮ್ಮ ಪೇಂಟಿನ ಡಬ್ಬಿ ಹಿಡಿದು ವೇದಿಕೆಯ ಮೆಟ್ಟಿಲ ಮೇಲೆ ಕೂತಿದ್ದೆ. ನಾನೂ ಚಪ್ಪಾಳೆ ತಟ್ಟಿದೆ.

ಅವಳ ಸೀಟು ಕೊಂಡದ್ದಲ್ಲ. ಸಿಇಟಿ ಬರೆದು, ರ್‍ಯಾಂಕ್ ಬಂದು, ಸರ್ಕಾರವೇ ಹಂಚಿದ ಸೀಟು. ಕಾಲೇಜು ಖಾಸಗಿಯದು, ಸೀಟು ಸರ್ಕಾರದ್ದು, ಫೀಸು ಕಟ್ಟಿದ್ದೂ ಸರ್ಕಾರ. ಇದನ್ನು ನಾನೂ ಅವಳನ್ನು ಕೇಳಿದ್ದು ಕಳೆದ ವಾರ, ನಿಮ್ಮ ಕಾಗದ ಬಂದ ಮೇಲೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿರಿ. ಶನಿವಾರ ಶನಿವಾರ ನೀವೇ ಮಾಣಿಕಪ್ಪನಿಗೆ ಕೂಲಿ ಕೊಡುತ್ತಿದ್ದಿರಿ. ಅವನು ಡೊನೇಷನ್ ಎಲ್ಲಿಂದ ತಂದಾನು ಎಂದು ನಿಮಗೆ ಅನ್ನಿಸಲಿಲ್ಲವೇ? ಮರುದಿನದಿಂದ ಅವನು ತೋಟಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ನಿಮ್ಮ ಹಣ್ಣಿನ ಚೀಲ ಬಿಚ್ಚಿದಾಗ ಕಾವೇರಿ ಅಕ್ಕ ಒಂದು ಹಣ್ಣು ತೆಗೆದು ಮೂಸಿ ನೋಡಿದಳು. "ನಮ್ಮಪ್ಪನ ಅಂಗಿಗಿ ಇದೇ ವಾಸನಿ ಬರ್ತಿತ್ತು," ಅಂದಳು. ತಿನ್ನಲಿಲ್ಲ, ವಾಪಸ್ಸು ಇಟ್ಟಳು.

ಏಪ್ರಿಲ್ ಹದಿನೈದರ ತನಕ ಕಾಯುತ್ತೇನೆ.

ಅಂಜನಾ

*

ಜಾವಕ ಸಂಖ್ಯೆ 3
ಕಮಲಾಪುರ
3 ಏಪ್ರಿಲ್ 2024

ಕುಮಾರಿ ಕಾವೇರಿ ಮಾಣಿಕಪ್ಪ ಇವರಿಗೆ,

ತಾವು 2013ನೆಯ ಸಾಲಿನಲ್ಲಿ ಪಡೆದ ಸೀಟು ಸರ್ಕಾರದಿಂದ ಹಂಚಿಕೆಯಾದದ್ದೆಂದು ನನ್ನ ಮಗಳಿಂದ ತಿಳಿದುಬಂದಿದೆ. ದಾಖಲೆಯಿಲ್ಲದೆ ಯಾವುದನ್ನೂ ಒಪ್ಪುವುದು ನನ್ನ ರೂಢಿಯಲ್ಲ. ಸೀಟು ಹಂಚಿಕೆಯ ಪತ್ರ ತಮ್ಮಲ್ಲಿದ್ದರೆ ಅದರ ಒಂದು ಪ್ರತಿಯನ್ನು ಕಳಿಸಬೇಕಾಗಿ ಕೋರಿಕೆ.

ತಮ್ಮ,
ಖಂಡೆಪ್ಪ
ನಿವೃತ್ತ ಮುಖ್ಯೋಪಾಧ್ಯಾಯ

*

ಕಲಬುರಗಿ
7 ಏಪ್ರಿಲ್ 2024

ಸರ್,

ಪ್ರತಿ ಇದರ ಜೊತೆಗಿದೆ. ಮೂಲ ಪತ್ರವನ್ನು ಹನ್ನೊಂದು ವರ್ಷದಿಂದ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಇಟ್ಟಿದ್ದೇನೆ, ಯಾರಾದರೂ ಕೇಳಿದರೆ ತೋರಿಸಲಿಕ್ಕೆ ಬೇಕೆಂದು. ಕೇಳಿದವರಲ್ಲಿ ನೀವೇ ಮೊದಲಿಗರು. ನಿಮ್ಮ ಕಾಗದ ಓದಿ ಅಂಜನಾ ಅತ್ತಳು. ನನಗೆ ನಗು ಬಂತು, ಆಮೇಲೆ ಬಹಳ ಸಿಟ್ಟು ಬಂತು. ಸಿಟ್ಟು ಇಳಿಯಲೆಂದು ಒಂದು ದಿನ ಬಿಟ್ಟು ಬರೆಯುತ್ತಿದ್ದೇನೆ. ಪೂರಾ ಇಳಿದಿಲ್ಲ.

ಅಂದು ಅಪ್ಪ ನನ್ನ ಪಕ್ಕದಲ್ಲೇ ಇದ್ದ. ಹೊಸ ರುಮಾಲು ಸುತ್ತಿದ್ದ. ಮನೆಗೆ ಹೋಗುವಾಗ ದಾರಿಯಲ್ಲಿ ಒಂದೇ ಮಾತು ಕೇಳಿದ: "ಖರೇನೇ ಇದು ಸರ್ಕಾರದ್ದಲ್ಲೇನವ್ವಾ? ನಾ ಎಲ್ಲಾರ ಮುಂದ ಹಂಗೇ ಹೇಳೀನಲ್ಲ." ಮನೆಗೆ ಹೋಗಿ ಈ ಪತ್ರವನ್ನೇ ಅವನಿಗೆ ಓದಿ ಹೇಳಿದೆ. "ಮತ್ತ ಸರ್ ಯಾಕ ಹಂಗಂದ್ರು? ಅವರು ಕಲತವರು, ಅವರಿಗಿ ಗೊತ್ತಿರ್ತದ," ಅಂದ. ನನ್ನ ಮಾತನ್ನು ನಂಬಿದನೋ ನಿಮ್ಮದನ್ನು ನಂಬಿದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹಲಗೆಯ ಮೇಲೆ ನನ್ನ ಹೆಸರು ಬರೆಯಿರಿ ಎಂದು ಕೇಳುತ್ತಿಲ್ಲ. ಅಪ್ಪನಿಗೆ ಓದಲು ಬರುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ನನ್ನ ಹೆಸರು ಮೈಕಿನಲ್ಲಿ ಕೇಳುವುದು, ಅಷ್ಟೆ.

ಅಂಜನಾಳಿಗೆ ಇನ್ನು ಎಂಟು ದಿನ ಉಳಿದಿವೆ. ಅವಳು ಒಳ್ಳೆಯ ಹುಡುಗಿ. ಅವಳನ್ನೂ ಕೂಡಿಸಬೇಡಿರಿ.

ಕಾವೇರಿ

*

ಜಾವಕ ಸಂಖ್ಯೆ 4
ಕಮಲಾಪುರ
12 ಏಪ್ರಿಲ್ 2024

ಅಂಜನಾ,

ಖಾಸಗಿಯದಕ್ಕೇ ಹೋಗು. ಇಂದೇ ಉತ್ತರ ಕಳಿಸು, ಹದಿನೈದರ ತನಕ ತಡೆಯಬೇಡ.

ಹಲಗೆಯ ಮೇಲಿನ ನಿನ್ನ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಗುರುತು ಉಳಿದಿದೆ. ನಿನಗೆ ಅರ್ಹತೆ ಇಲ್ಲವೆಂದು ತೆಗೆದದ್ದಲ್ಲ. ಆ ಹಲಗೆಗೆ ನಿನ್ನ ಹೆಸರು ಹೊರುವ ಅರ್ಹತೆ ಇದೆಯೋ ಇಲ್ಲವೋ ಎಂದು ನನಗೆ ಈಗ ಸಂಶಯ.

ಸಿಇಟಿ ಎಂಬುದು ಅಂದು ನನಗೆ ಗೊತ್ತಿರಲಿಲ್ಲವೆಂದು ಬರೆದುಬಿಡಬಹುದಿತ್ತು. ಗೊತ್ತಿತ್ತು. ಖಾಸಗಿ ಕಾಲೇಜಿನಲ್ಲಿ ಸರ್ಕಾರದ ಸೀಟುಗಳಿರುತ್ತವೆ ಎಂಬುದೂ ಗೊತ್ತಿತ್ತು. 2009ರಲ್ಲಿ ಗೌಡರ ಮನೆಯ ಹುಡುಗನೊಬ್ಬ ಅಂಥದೇ ಸೀಟು ಪಡೆದಾಗ ಪತ್ರ ತರಿಸಿ ನೋಡಿ ಹಲಗೆಗೆ ಹಾಕಿದ್ದೇನೆ. ಹದಿನೇಳನೆಯ ಹೆಸರು ಅವನದು. ಈ ಹುಡುಗಿಯಿಂದ ಕಾಲೇಜಿನ ಹೆಸರು ಕೇಳಿದೆ. ಯಾರ ಮಗಳೆಂದು ಗೊತ್ತಿತ್ತು. ಪತ್ರ ಕೇಳಲಿಲ್ಲ.

ನಿನ್ನ ಅವ್ವನಿಗೆ ಎಲ್ಲ ಓದಿ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅವಳು ಹೇಳಿದ್ದು: "ಮಾಣಿಕಪ್ಪ ಯಾಕ ಬಿಟ್ಟಾನಂತ ನನಗ ಅವತ್ತೇ ಗೊತ್ತಿತ್ತು. ನೀವು ಕೇಳಿದ್ದರ ಹೇಳ್ತಿದ್ದೆ." ಹನ್ನೊಂದು ವರ್ಷ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಕಾವೇರಿಗೆ ಏನು ಬರೆಯಬೇಕೆಂದು ತೋಚುತ್ತಿಲ್ಲ. ನಾಲ್ಕು ಹಾಳೆ ಹರಿದೆ. ಮನೆಯಲ್ಲಿ ಕೂಡಲಾಗುವುದಿಲ್ಲ, ತೋಟಕ್ಕೆ ಹೋಗುತ್ತೇನೆ. ಅಲ್ಲಿಯೂ ನಿಲ್ಲಲಾಗುವುದಿಲ್ಲ, ತಿರುಗಿ ಬರುತ್ತೇನೆ.

ನಿನ್ನ ತಂದೆ,
ಖಂಡೆಪ್ಪ

*

ಕಲಬುರಗಿ
30 ಜುಲೈ 2024

ಅಪ್ಪಾ,

ಬಟ್ಟೆ ತುಂಬಿ ಆಯಿತು. ಮೂರನೆಯ ತಾರೀಖು ನೀವೆಲ್ಲ ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಬರುತ್ತೀರಿ, ಅಲ್ಲಿ ಮಾತಾಡಲು ಬಾಯಿ ಬರುವುದಿಲ್ಲ. ಅದಕ್ಕೇ ಇದು.

ವೀಸಾದ ದಿನ ನೀವು ನನ್ನ ಜೊತೆ ಸಾಲಿನಲ್ಲಿ ನಿಂತಿರಿ. ಹಿಂದಿನವರು ಯಾವ ಯೂನಿವರ್ಸಿಟಿ ಎಂದು ಕೇಳಿದಾಗ ನೀವೇ ಮುಂದಾಗಿ, "ಖಾಸಗಿ ಅದರಿ. ಭಾಳ ಚಲೋ ಅದ," ಅಂದಿರಿ. ನನಗೆ ಅಷ್ಟು ಸಂತೋಷವಾಗಿತ್ತು, ಆದರೆ ಅಂದು ಹೇಳಲಿಲ್ಲ.

ಆದರೆ ಏಪ್ರಿಲ್‌ನಿಂದ ಒಂದು ಸಲವೂ ನೀವು ಕಾವೇರಿ ಅಕ್ಕನ ಸುದ್ದಿ ಎತ್ತಿಲ್ಲ. ಅವಳೂ ಕೇಳುವುದಿಲ್ಲ. ಶನಿವಾರ ಚೀಲ ಬಂದಾಗ ಮಾತ್ರ ಯಾವ ಕೆಲಸವಿದ್ದರೂ ಬಿಟ್ಟು ಬಂದು, ನಾನು ಚೀಲದ ತಳದ ತನಕ ಕೈ ಹಾಕುವುದನ್ನು ನೋಡುತ್ತ ನಿಲ್ಲುತ್ತಾಳೆ. ಕಾಗದವಿಲ್ಲದಿದ್ದರೆ ತನ್ನ ಕೆಲಸಕ್ಕೆ ಹೋಗುತ್ತಾಳೆ. ನಾಲ್ಕು ತಿಂಗಳಾಯಿತು.

ಈ ಆಗಸ್ಟ್ ಹದಿನೈದಕ್ಕೆ ನಾನಿರುವುದಿಲ್ಲ. ನೀವು ಕುರ್ಚಿ ಹತ್ತುವುದಿದ್ದರೆ ಕಾಲು ಹಿಡಿಯಲು ಅಣ್ಣನಿಗೆ ಹೇಳಿರಿ.

ಅಂಜನಾ

*

ಕಮಲಾಪುರ
17 ಆಗಸ್ಟ್ 2024

ಅಂಜನಾ,

ಮಹಾದೇವ ಫೋಟೋ ಕಳಿಸಿದ್ದಾನಂತೆ. ಫೋಟೋದಲ್ಲಿ ಬರದಿದ್ದದ್ದನ್ನು ನಾನು ಬರೆಯುತ್ತೇನೆ.

ಎಂಟನೆಯ ತಾರೀಖು ಮಾಣಿಕಪ್ಪನ ಮನೆಗೆ ಹೋದೆ. ಹನ್ನೆರಡು ವರ್ಷ ಅವನು ನಮ್ಮ ತೋಟದಲ್ಲಿ ದುಡಿದ, ಅವನ ಮನೆ ಎಲ್ಲಿದೆ ಎಂದು ಮೂವರನ್ನು ಕೇಳಬೇಕಾಯಿತು. ಅವನ ಹೆಂಡತಿ ಬಂಡೆಮ್ಮ ಕೂಡಲು ಹೇಳಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಚಹಾ ಮಾಡಲೋ ಬೇಡವೋ ಎಂದು ಯೋಚಿಸುತ್ತಿದ್ದಳೆಂದು ಕಾಣುತ್ತದೆ. "ಚಹಾ ಮಾಡವ್ವ, ಕುಡದೇ ಹೋಗ್ತೀನಿ," ಎಂದೆ. ಕುಡಿದೆ. ಆಮೇಲೆ ಮಾಣಿಕಪ್ಪನಿಗೆ ಹೇಳಿದೆ, "ನಿನ್ನ ಮಗಳ ಸೀಟು ಸರ್ಕಾರದ್ದೇ ಇತ್ತು. ತಪ್ಪು ನಂದು. ನಾ ಕೇಳಲಾರದೇ ಅಂದೀನಿ." ಅವನು ನೆಲ ನೋಡುತ್ತ ಕೂತಿದ್ದ. "ಸರ್, ಅದೊಂದು ಮಾತು ಹನ್ನೊಂದು ವರ್ಷ ನನಗ ಒಳಗ ಕೊರೀತಿತ್ತು ನೋಡ್ರಿ. ಮಗಳು ನನ್ನ ಸಲುವಾಗಿ ಸುಳ್ಳ ಹೇಳ್ಯಾಳೇನೋ ಅಂತ," ಅಂದ. ನಾನು ಮಾಡಿದ್ದು ಎಷ್ಟು ದೊಡ್ಡದೆಂದು ನನಗೆ ಆಗ ತಿಳಿಯಿತು. ಹುಡುಗಿಯನ್ನು ಕೂಡಿಸಿದ್ದಷ್ಟೇ ಅಲ್ಲ, ಅವಳ ತಂದೆ ಅವಳನ್ನು ನಂಬದಂತೆ ಮಾಡಿದ್ದೆ.

ಹದಿನೈದನೆಯ ತಾರೀಖು ಬೆಳಗಾಗುತ್ತಲೇ ಶಾಲೆಗೆ ಹೋದೆ. ಮಹಾದೇವ ಕುರ್ಚಿ ಹಿಡಿದ. ಮೊದಲು ಹಲಗೆಯ ತಲೆಬರಹದ ಮೇಲೆ ಕರಿ ಬಣ್ಣ ಹಚ್ಚಿದೆ. 'ಸರ್ಕಾರಿ ಸೀಟು ಪಡೆದ' ಎಂಬುದು ಹೋಯಿತು, 'ನಮ್ಮ ಮಕ್ಕಳು' ಎಂಬುದು ಉಳಿಯಿತು. ನಿನ್ನ ಹೆಸರು ಕೆರೆದ ಜಾಗದಲ್ಲಿ, ನಲವತ್ತೆರಡನೆಯದಾಗಿ, 'ಕಾವೇರಿ ಮಾಣಿಕಪ್ಪ' ಎಂದು ಬರೆದೆ. ನಿನ್ನದು ಅದರ ಕೆಳಗೆ. ನೀನು ಬೇಜಾರು ಮಾಡಿಕೊಳ್ಳುವವಳಲ್ಲ.

ಧ್ವಜ ಏರಿದ ಮೇಲೆ ಹೊಸ ಹೆಡ್‌ಮಾಸ್ತರರು ನನಗೆ ಎರಡು ಮಾತು ಆಡಲು ಹೇಳಿದರು. 2013ರಲ್ಲಿ ಇದೇ ಮೈಕಿನಲ್ಲಿ ನಾನು ಒಂದು ಸುಳ್ಳು ಹೇಳಿದೆ, ನೀವೆಲ್ಲ ಅದಕ್ಕೆ ಚಪ್ಪಾಳೆ ತಟ್ಟಿದಿರಿ ಎಂದೆ. ಕೆಲವರು ತಲೆ ಬಗ್ಗಿಸಿದರು, ಕೆಲವರಿಗೆ ನೆನಪೇ ಇರಲಿಲ್ಲ. ಆಮೇಲೆ ಹೆಸರು ಕೂಗಿದೆ. ಕಾವೇರಿ ಬಂದಿರಲಿಲ್ಲ. ಬರಬೇಕೆಂದು ಕಾರ್ಡು ಕಳಿಸಿದ್ದೆ, ಉತ್ತರವಿರಲಿಲ್ಲ. ಅದು ಅವಳ ಹಕ್ಕು. ಎರಡನೆಯ ಸಲ ಕೂಗಿದೆ. ನಾಲ್ಕನೆಯ ಸಾಲಿನಲ್ಲಿ ಮಾಣಿಕಪ್ಪ ಎದ್ದು ನಿಂತ.

ಅವನು ನಡೆದು ಮೇಲೆ ಬಂದ. ಹೂವಿನ ಹಾರ ಹಾಕಲು ಹೋದರೆ ಬೇಡ ಅಂದ. ಹಿಂದಿನ ಗೋಡೆಯ ಹಲಗೆಯ ಕಡೆ ನೋಡಿ, "ಇದರಾಗ ಯಾವುದ್ರಿ ಸರ್, ಆಕೀದು?" ಎಂದು ಕೇಳಿದ. ತೋರಿಸಿದೆ. ಮುಟ್ಟಬೇಡ, ಹಸಿ ಇದೆ ಎನ್ನುವಷ್ಟರಲ್ಲಿ ಅವನು ಹೆಬ್ಬೆಟ್ಟನ್ನು ಹೆಸರಿನ ಮೇಲೆ ಇಟ್ಟುಬಿಟ್ಟಿದ್ದ. ಅಕ್ಷರ ಕೆಟ್ಟಿತು. ಅವನು ಗಾಬರಿಯಾಗಿ ಕೈಯನ್ನು ರುಮಾಲಿಗೆ ಒರೆಸಿಕೊಂಡ.

ಕಾರ್ಯಕ್ರಮ ಮುಗಿದ ಮೇಲೆ ಹೊಸ ಹೆಡ್‌ಮಾಸ್ತರರು ಬ್ರಷ್ ತಂದುಕೊಟ್ಟು, "ಸರ್, ಅದಷ್ಟು ತಿದ್ದಿಬಿಡ್ರಿ," ಅಂದರು. ನನ್ನ ಇಡೀ ನೌಕರಿಯಲ್ಲಿ ಕೆಟ್ಟ ಅಕ್ಷರ ಬಿಟ್ಟು ಹೋದವನಲ್ಲ ನಾನು. "ಅದು ಆಕಿ ತಂದಿ ಸಹಿ ಅದರಿ," ಎಂದೆ. "ಸಹಿ ತಿದ್ದಲಿಕ್ಕಿ ಬರಲ್ಲ."

ನಿನ್ನೆ ಲಾಲ್ ಅಹ್ಮದ್ ಖಾಲಿ ಚೀಲ ತಂದುಕೊಟ್ಟ. ನೀನು ಹೋದ ಮೇಲೆಯೂ ಶನಿವಾರದ ಹಣ್ಣು ಆ ಮನೆಗೇ ಕಳಿಸುತ್ತಿದ್ದೇನೆ. ತಳದಲ್ಲಿ ಒಂದು ಚೀಟಿ ಇತ್ತು. ಕಾವೇರಿಯ ಅಕ್ಷರ: "ಹನ್ನೆರಡು ಬಂದಿದ್ದವು. ಒಂದು ತಿಂದೆ."

ನಿನ್ನ ತಂದೆ,
ಖಂಡೆಪ್ಪ